ಕಾರು ಓಡಿಸದ ಸಾರಿಗೆ ಸಚಿವೆ ಬಾರ್ಬರಾ ಕ್ಯಾಸಲ್

ಬ್ರಿಟನ್ನಿನ ರಸ್ತೆಗಳಲ್ಲಿ 1966ರಲ್ಲಿ 7,985 ಮಂದಿ ಪ್ರಾಣ ಕಳೆದುಕೊಂಡರು. ಯುದ್ಧಕಾಲವನ್ನು ಬಿಟ್ಟರೆ ಆ ದೇಶದ ರಸ್ತೆಗಳು ಒಂದೇ ವರ್ಷದಲ್ಲಿ ಅಷ್ಟೊಂದು ಬಲಿ ಪಡೆದದ್ದು ಅದಕ್ಕೆ ಹಿಂದೆಯೂ ಇಲ್ಲ, ಮುಂದೆಯೂ ಇಲ್ಲ. ಆ ವರ್ಷ ಸಾರಿಗೆ ಖಾತೆಯ ಹೊಣೆ ಹೊತ್ತಿದ್ದವರು ಬಾರ್ಬರಾ ಕ್ಯಾಸಲ್. ಆ ಖಾತೆಗೆ ಬಂದ ಮೊದಲ ಮಹಿಳೆ ಅವರು. ಚಾಲನಾ ಪರವಾನಗಿ ಕೂಡ ಅವರ ಬಳಿ ಇರಲಿಲ್ಲ. ಎರಡೂಕಾಲು ವರ್ಷಗಳ ತಮ್ಮ ಅಧಿಕಾರಾವಧಿಯಲ್ಲಿ ಅವರು ಜಾರಿಗೆ ತಂದ ರಸ್ತೆ ನಿಯಮಗಳು ಅವರಿಗೆ ಕೀರ್ತಿಗಿಂತ ಮೊದಲು ಲೇವಡಿಯನ್ನೂ ಕೊಲೆ ಬೆದರಿಕೆಯ ಪತ್ರಗಳನ್ನೂ ತಂದವು. ಆದರೂ ಆ ನಿಯಮಗಳು ಉಳಿದವು. ಅವುಗಳ ಹಿಂದೆ ಎಣಿಕೆ ಮತ್ತು ಲೆಕ್ಕದ ಬೆಂಬಲವಿದ್ದುದೇ ಅದಕ್ಕೆ ಮುಖ್ಯ ಕಾರಣ.

ಸಮಾಜವಾದದ ಮನೆ

ಬಾರ್ಬರಾ ಆ್ಯನ್ ಬೆಟ್ಸ್ ಹುಟ್ಟಿದ್ದು 1910ರ ಅಕ್ಟೋಬರ್ 6ರಂದು, ಇಂಗ್ಲೆಂಡಿನ ಚೆಸ್ಟರ್‌ಫೀಲ್ಡ್ ಪಟ್ಟಣದಲ್ಲಿ. ತಂದೆ ಫ್ರಾಂಕ್ ಬೆಟ್ಸ್ ತೆರಿಗೆ ಇಲಾಖೆಯ ಅಧಿಕಾರಿ; ಜೊತೆಗೆ ಕಟ್ಟಾ ಸಮಾಜವಾದಿ. ಪಾಂಟೆಫ್ರಾಕ್ಟ್ ಮತ್ತು ಬ್ರಾಡ್‌ಫರ್ಡ್ ಎಂಬ ದುಡಿಯುವ ಜನರ ಊರುಗಳಲ್ಲಿ ಬಾಲ್ಯ ಕಳೆಯಿತು. ಆಕ್ಸ್‌ಫರ್ಡಿನ ಸೇಂಟ್ ಹ್ಯೂಸ್ ಕಾಲೇಜಿನಲ್ಲಿ ತತ್ವಶಾಸ್ತ್ರ, ರಾಜಕೀಯ ಮತ್ತು ಅರ್ಥಶಾಸ್ತ್ರ ಓದಿದರು. ಪದವಿ ದೊರೆತದ್ದು ಮೂರನೇ ದರ್ಜೆಯಲ್ಲಿ.

1937ರಲ್ಲಿ ಲಂಡನ್ನಿನ ಸೇಂಟ್ ಪ್ಯಾಂಕ್ರಾಸ್ ಸ್ಥಳೀಯ ಸಂಸ್ಥೆಗೆ ಆಯ್ಕೆಯಾದರು. ಎರಡನೇ ಮಹಾಯುದ್ಧದ ಕಾಲದಲ್ಲಿ ಆಹಾರ ಸಚಿವಾಲಯದಲ್ಲಿ ದುಡಿದರು, ಬಾಂಬ್ ದಾಳಿಯ ರಾತ್ರಿಗಳಲ್ಲಿ ನಾಗರಿಕ ರಕ್ಷಣಾ ಕಾವಲಿನಲ್ಲಿದ್ದರು. 1944ರಲ್ಲಿ ಪತ್ರಕರ್ತ ಟೆಡ್ ಕ್ಯಾಸಲ್ ಅವರನ್ನು ವಿವಾಹವಾದರು. ಮರುವರ್ಷ ಲೇಬರ್ ಪಕ್ಷದ ಅಭ್ಯರ್ಥಿಯಾಗಿ ಬ್ಲ್ಯಾಕ್‌ಬರ್ನ್ ಕ್ಷೇತ್ರದಿಂದ ಸಂಸತ್ತಿಗೆ ಆರಿಸಿ ಬಂದ ಅವರನ್ನು ಆ ಕ್ಷೇತ್ರ 1979ರವರೆಗೆ, ಅಂದರೆ ಮೂವತ್ತನಾಲ್ಕು ವರ್ಷ ಕೈಬಿಡಲಿಲ್ಲ.

1964ರಲ್ಲಿ ಲೇಬರ್ ಪಕ್ಷ ಅಧಿಕಾರಕ್ಕೆ ಬಂದಾಗ ಪ್ರಧಾನಿ ಹೆರಾಲ್ಡ್ ವಿಲ್ಸನ್ ಅವರು ಕ್ಯಾಸಲ್ ಅವರಿಗೆ ಹೊಸದಾಗಿ ಸೃಷ್ಟಿಸಿದ ಸಾಗರೋತ್ತರ ಅಭಿವೃದ್ಧಿ ಖಾತೆ ನೀಡಿದರು. ಬ್ರಿಟಿಷ್ ಸಂಪುಟ ದರ್ಜೆಗೇರಿದ ನಾಲ್ಕನೇ ಮಹಿಳೆ ಅವರಾದರು. 1965ರ ಡಿಸೆಂಬರ್ 23ರಂದು ಅವರನ್ನು ಸಾರಿಗೆ ಖಾತೆಗೆ ವರ್ಗಾಯಿಸಲಾಯಿತು.

ಪ್ರಯೋಗವಾಗಿ ಬಂದ ವೇಗಮಿತಿ

ಬ್ರಿಟನ್ನಿನ ಮೊದಲ ದೀರ್ಘ ಹೆದ್ದಾರಿಯಾದ ಎಂ1, 1959ರಲ್ಲಿ ತೆರೆದಾಗ ಅದಕ್ಕೆ ವೇಗಮಿತಿಯೇ ಇರಲಿಲ್ಲ. 1965ರ ಚಳಿಗಾಲದಲ್ಲಿ ಮಂಜು ಕವಿದ ಹೆದ್ದಾರಿಗಳಲ್ಲಿ ಒಂದರ ಹಿಂದೊಂದು ವಾಹನ ಡಿಕ್ಕಿ ಹೊಡೆದ ಸರಣಿ ಅಪಘಾತಗಳು ಸಂಭವಿಸಿದವು. ಅಂದಿನ ಸಾರಿಗೆ ಸಚಿವ ಟಾಮ್ ಫ್ರೇಸರ್ ಗಂಟೆಗೆ 70 ಮೈಲಿ, ಅಂದರೆ ಸುಮಾರು 112 ಕಿಲೋಮೀಟರ್ ಮಿತಿಯನ್ನು ನಾಲ್ಕು ತಿಂಗಳ ಪ್ರಯೋಗವೆಂದು ಘೋಷಿಸಿದರು. ಅದು ಜಾರಿಗೆ ಬಂದದ್ದು ಡಿಸೆಂಬರ್ 22ರಂದು. ಮರುದಿನವೇ ಖಾತೆ ಕ್ಯಾಸಲ್ ಅವರ ಕೈಗೆ ಬಂತು.

ವಾಹನ ಮಾಲೀಕರ ಸಂಘಗಳೂ ಮೋಟಾರು ಪತ್ರಿಕೆಗಳೂ ಸಿಡಿದೆದ್ದವು. ವೇಗಕ್ಕೆಂದೇ ಕಟ್ಟಿದ ರಸ್ತೆಯಲ್ಲಿ ವೇಗ ತಡೆಯುವುದು ಮೂರ್ಖತನ ಎಂಬುದು ಅವರ ವಾದ. ನಾಲ್ಕು ತಿಂಗಳು ಕಳೆದಾಗ ಹೊಸ ಸಚಿವೆಯ ಮುಂದೆ ಎರಡು ಸುಲಭ ದಾರಿಗಳಿದ್ದವು: ಟೀಕೆಗೆ ಮಣಿದು ಮಿತಿಯನ್ನು ತೆಗೆದುಹಾಕುವುದು, ಇಲ್ಲವೇ ಗೆದ್ದೆವೆಂದು ಸಾರಿ ಖಾಯಂ ಮಾಡುವುದು. ಅವರು ಎರಡನ್ನೂ ಮಾಡಲಿಲ್ಲ. ಅಂಕಿ-ಅಂಶ ಒಟ್ಟುಗೂಡಿಸಲು ಸರ್ಕಾರದ ರಸ್ತೆ ಸಂಶೋಧನಾ ಪ್ರಯೋಗಾಲಯಕ್ಕೆ ಕಾಲ ಬೇಕಾಗಿತ್ತು. ಅದಕ್ಕಾಗಿ 1966ರ ಏಪ್ರಿಲ್‌ನಲ್ಲಿ ಪ್ರಯೋಗವನ್ನು ಎರಡು ತಿಂಗಳು ವಿಸ್ತರಿಸಿದರು. ಮೇ ತಿಂಗಳಲ್ಲಿ, ಅಪಘಾತ ಇಳಿಯುತ್ತಿರುವ ಸೂಚನೆ ಇದೆಯಾದರೂ ಅದು ಇನ್ನೂ ಸಾಬೀತಾಗಿಲ್ಲವೆಂದು ಒಪ್ಪಿಕೊಂಡು, ಮತ್ತೆ ಹದಿನೈದು ತಿಂಗಳ ಅವಧಿ ಕೊಟ್ಟರು. ತನ್ನ ನಿರ್ಧಾರಕ್ಕೆ ಪುರಾವೆ ಸಾಲದು ಎಂದು ಅಧಿಕಾರದಲ್ಲಿರುವವರೇ ಹೇಳುವುದು ಆಗಲೂ ಅಪರೂಪದ ಸಂಗತಿಯಾಗಿತ್ತು.

1967ರಲ್ಲಿ ಪ್ರಯೋಗಾಲಯದ ವರದಿ ಬಂತು. ಮಿತಿ ಇಲ್ಲದಿದ್ದರೆ 1966ರಲ್ಲಿ ಹೆದ್ದಾರಿಗಳಲ್ಲಿ ನಿರೀಕ್ಷಿಸಬಹುದಾಗಿದ್ದ ಸಾವುನೋವಿಗೆ ಹೋಲಿಸಿದರೆ ವಾಸ್ತವದ ಸಂಖ್ಯೆ ಸುಮಾರು ಶೇ. 20ರಷ್ಟು ಕಡಿಮೆ ಇತ್ತು. ಅದೂ ಒಂದು ಅಂದಾಜೇ. ಅಂದಾಜೆಂದು ಒಪ್ಪಿಕೊಂಡೇ ಕ್ಯಾಸಲ್ ಆ ವರ್ಷದ ಜುಲೈನಲ್ಲಿ ಮಿತಿಯನ್ನು ಖಾಯಂಗೊಳಿಸಿದರು.

ಉಸಿರಿನ ಪರೀಕ್ಷೆ

ಅದಕ್ಕಿಂತ ದೊಡ್ಡ ಕದನ ನಡೆದದ್ದು ಮದ್ಯದ ವಿಚಾರದಲ್ಲಿ. ಅಲ್ಲಿಯವರೆಗಿನ ಕಾನೂನಿನ ಪ್ರಕಾರ ಚಾಲಕನು ಸರಿಯಾಗಿ ವಾಹನ ನಡೆಸುವ ಸಾಮರ್ಥ್ಯ ಕಳೆದುಕೊಂಡಿದ್ದ ಎಂಬುದನ್ನು ಪೊಲೀಸರು ಸಾಬೀತುಪಡಿಸಬೇಕಿತ್ತು. ನೆಲದ ಮೇಲಿನ ಗೆರೆಯಗುಂಟ ನಡೆಸಿ ನೋಡುವುದು, ತೊದಲುತ್ತಾನೆಯೇ ಎಂದು ಮಾತನಾಡಿಸಿ ನೋಡುವುದು ಇವೇ ಪರೀಕ್ಷೆಗಳಾಗಿದ್ದವು. ತೀರ್ಪು ವೈದ್ಯರ ಅಭಿಪ್ರಾಯದ ಮೇಲೆ, ಕೊನೆಗೆ ನ್ಯಾಯದರ್ಶಿಗಳ ಅನುಕಂಪದ ಮೇಲೆ ನಿಲ್ಲುತ್ತಿತ್ತು.

ಈ ವೇಳೆಗೆ ಅಮೆರಿಕದಿಂದ ಒಂದು ಮಹತ್ವದ ಅಧ್ಯಯನ ಹೊರಬಂದಿತ್ತು. ಉಸಿರಿನಿಂದ ಮದ್ಯದ ಪ್ರಮಾಣ ಅಳೆಯುವ ಬ್ರೆತಲೈಸರ್ ಉಪಕರಣವನ್ನು 1954ರಲ್ಲಿ ರೂಪಿಸಿದ ರಾಬರ್ಟ್ ಬೋರ್ಕೆನ್‌ಸ್ಟೈನ್, ಮಿಷಿಗನ್ ರಾಜ್ಯದ ಗ್ರ್ಯಾಂಡ್ ರ್‍ಯಾಪಿಡ್ಸ್ ನಗರದಲ್ಲಿ ಅಪಘಾತಕ್ಕೊಳಗಾದ ಸಾವಿರಾರು ಚಾಲಕರನ್ನೂ, ಅಂಥದೇ ಸ್ಥಳ ಮತ್ತು ಸಮಯದಲ್ಲಿ ಅಪಘಾತವಿಲ್ಲದೆ ಸಾಗುತ್ತಿದ್ದ ಸಾವಿರಾರು ಚಾಲಕರನ್ನೂ ಹೋಲಿಸಿದ್ದರು. 1964ರಲ್ಲಿ ಪ್ರಕಟವಾದ ಫಲಿತಾಂಶದಂತೆ, 100 ಮಿಲಿಲೀಟರ್ ರಕ್ತದಲ್ಲಿ ಮದ್ಯಸಾರ 80 ಮಿಲಿಗ್ರಾಂ ದಾಟಿದ ಮೇಲೆ ಅಪಘಾತದ ಸಂಭವ ಕಡಿದಾಗಿ ಏರುತ್ತಿತ್ತು. ಆ 80 ಮಿಲಿಗ್ರಾಂ ಬ್ರಿಟನ್ನಿನ ಮಸೂದೆಯ ತಿರುಳಾಯಿತು. ಭಾರತದ 1988ರ ಮೋಟಾರು ವಾಹನ ಕಾಯ್ದೆಯ 185ನೇ ಕಲಮು ಇದೇ ಮಾದರಿಯದು. ಆದರೆ ಇಲ್ಲಿನ ಮಿತಿ ಇನ್ನೂ ಬಿಗಿ, 30 ಮಿಲಿಗ್ರಾಂ.

1966ರ ಆರಂಭದಲ್ಲಿ ಕ್ಯಾಸಲ್ ಮಂಡಿಸಿದ ಮೊದಲ ಮಸೂದೆ ಯಾವ ಚಾಲಕನನ್ನಾದರೂ ತಡೆದು ಪರೀಕ್ಷಿಸುವ ಅಧಿಕಾರವನ್ನು ಪೊಲೀಸರಿಗೆ ನೀಡುತ್ತಿತ್ತು. ನಿರಪರಾಧಿಯನ್ನು ನಡುರಸ್ತೆಯಲ್ಲಿ ನಿಲ್ಲಿಸುವುದು ಪ್ರಜೆಯ ಸ್ವಾತಂತ್ರ್ಯಕ್ಕೆ ಧಕ್ಕೆಯೆಂಬ ಆಕ್ಷೇಪ ಬಲವಾಗಿ ಎದ್ದಿತು. ಮಾರ್ಚ್‌ನಲ್ಲಿ ಸಾರ್ವತ್ರಿಕ ಚುನಾವಣೆ ಬಂದು ಮಸೂದೆ ಬಿದ್ದುಹೋಯಿತು. ಮರುಮಂಡಿಸಿದ ಮಸೂದೆಯಲ್ಲಿ ಆ ಅಧಿಕಾರವಿರಲಿಲ್ಲ. ಚಾಲಕ ಕುಡಿದಿದ್ದಾನೆಂಬ ಶಂಕೆಗೆ ಸಕಾರಣವಿದ್ದರೆ, ಅಥವಾ ಆತ ಸಂಚಾರ ನಿಯಮ ಮುರಿದಿದ್ದರೆ, ಅಪಘಾತದಲ್ಲಿ ಸಿಲುಕಿದ್ದರೆ ಮಾತ್ರ ಪರೀಕ್ಷೆ. ಕ್ಯಾಸಲ್ ಈ ರಾಜಿಗೆ ಒಪ್ಪಿದರು. ಮಿತಿ ಮೀರಿದವರಿಗೆ ಕನಿಷ್ಠ ಹನ್ನೆರಡು ತಿಂಗಳು ಚಾಲನೆ ನಿಷೇಧ ಎಂಬ ಅಂಶವನ್ನು ಮಾತ್ರ ಬಿಟ್ಟುಕೊಡಲಿಲ್ಲ.

1967ರ ಅಕ್ಟೋಬರ್ 9ರಂದು ಕಾಯ್ದೆ ಜಾರಿಯಾಯಿತು. ಗಾಜಿನ ನಳಿಕೆಯೊಳಗಿನ ಹಳದಿ ಹರಳುಗಳು ಹಸಿರಾಗುವವರೆಗೆ ಚೀಲಕ್ಕೆ ಊದಿಸುವ ಪೊಲೀಸ್ ಪೇದೆ ಇಂಗ್ಲೆಂಡಿನ ಹೊಸ ದೃಶ್ಯವಾದ. ಮದ್ಯದಂಗಡಿಗಳ ಮಾಲೀಕರು ವ್ಯಾಪಾರ ಕುಸಿಯಿತೆಂದು ದೂರಿದರು. ಹೆಂಗಸು, ಅದರಲ್ಲೂ ಕಾರು ಓಡಿಸದವಳು, ಇವಳಿಗೇನು ಗೊತ್ತು ಎಂಬರ್ಥದ ಪ್ರಶ್ನೆಯನ್ನು ರೇಡಿಯೊ ಸಂದರ್ಶಕರೊಬ್ಬರು ನೇರವಾಗಿಯೇ ಎತ್ತಿದ್ದರು.

ಲೆಕ್ಕ ಕೊಟ್ಟ ಉತ್ತರ

ಉತ್ತರಕ್ಕೆ ಒಂದು ವರ್ಷ ಹಿಡಿಯಿತು. ಕಾಯ್ದೆಯ ಮೊದಲ ಹನ್ನೆರಡು ತಿಂಗಳಲ್ಲಿ ರಸ್ತೆ ಸಾವುಗಳು ಹಿಂದಿನ ವರ್ಷಕ್ಕಿಂತ 1,152ರಷ್ಟು ಕಡಿಮೆಯಾದವು. ತೀವ್ರವಾಗಿ ಗಾಯಗೊಂಡವರ ಸಂಖ್ಯೆ 11,177ರಷ್ಟು ಇಳಿಯಿತು. ಇದು ಕಾಕತಾಳೀಯ, ಹವಾಮಾನದ ಕೃಪೆ ಎಂದವರಿಗೆ ಅಮೆರಿಕದ ಸಮಾಜಶಾಸ್ತ್ರಜ್ಞ ಲಾರೆನ್ಸ್ ರಾಸ್ ಮತ್ತು ಸಂಗಡಿಗರು 1970ರಲ್ಲಿ ಪ್ರಕಟಿಸಿದ ಅಧ್ಯಯನ ಉತ್ತರವಾಯಿತು. ಅವರು ವಾರದ ಗಂಟೆಗಳನ್ನು ಬೇರೆ ಬೇರೆಯಾಗಿ ತೂಗಿದರು. ಮದ್ಯದಂಗಡಿ ಮುಚ್ಚಿರುವ, ಜನ ಕೆಲಸಕ್ಕೆ ಓಡುವ ಹೊತ್ತಿನ ಅಪಘಾತಗಳಲ್ಲಿ ಗಮನಾರ್ಹ ಬದಲಾವಣೆ ಇರಲಿಲ್ಲ. ವಾರಾಂತ್ಯದ ರಾತ್ರಿಗಳಲ್ಲಿ ಮಾತ್ರ ಸಾವು ಮತ್ತು ಗಂಭೀರ ಗಾಯಗಳು ಆರಂಭದಲ್ಲಿ ಸುಮಾರು ಮೂರನೇ ಎರಡರಷ್ಟು ಇಳಿದಿದ್ದವು. ಹವಾಮಾನವೇ ಕಾರಣವಾಗಿದ್ದರೆ ಬೆಳಗಿನ ಅಪಘಾತಗಳೂ ಇಳಿಯಬೇಕಿತ್ತು.

ರಾಸ್ 1973ರಲ್ಲಿ ಇನ್ನೊಂದು ಸತ್ಯವನ್ನೂ ಹೊರಗಿಟ್ಟರು. ಕಾಲ ಸರಿದಂತೆ ಕಾಯ್ದೆಯ ಪರಿಣಾಮ ಕರಗತೊಡಗಿತ್ತು. ಸಿಕ್ಕಿಬೀಳುವ ಸಂಭವ ತಾವು ಹೆದರಿದ್ದಕ್ಕಿಂತ ಬಹಳ ಕಡಿಮೆಯೆಂದು ಚಾಲಕರಿಗೆ ಅರಿವಾಗಿತ್ತು. ರಾಜಿಯಲ್ಲಿ ಬಿಟ್ಟುಕೊಟ್ಟ ತಪಾಸಣೆಯ ಅಧಿಕಾರದ ಬೆಲೆ ಆಗ ತಿಳಿಯಿತು. ಬಹಳ ವರ್ಷಗಳ ನಂತರವೂ ಇದೇ ಪಾಠ ಮರುಕಳಿಸಿತು. ಸ್ಕಾಟ್ಲೆಂಡ್ 2014ರ ಡಿಸೆಂಬರ್‌ನಲ್ಲಿ ಮಿತಿಯನ್ನು 50 ಮಿಲಿಗ್ರಾಂಗೆ ಇಳಿಸಿತು. ಅದರಿಂದ ಅಪಘಾತಗಳೇನೂ ಕಡಿಮೆಯಾಗಲಿಲ್ಲವೆಂದು ಲ್ಯಾನ್ಸೆಟ್ ವೈದ್ಯಕೀಯ ಪತ್ರಿಕೆಯಲ್ಲಿ ಪ್ರಕಟವಾದ ಗ್ಲಾಸ್ಗೋ ವಿಶ್ವವಿದ್ಯಾಲಯದ ಅಧ್ಯಯನ ಕಂಡುಕೊಂಡಿತು. ಪುಸ್ತಕದಲ್ಲಿನ ಅಂಕಿ ಬದಲಾದರೆ ಸಾಲದು, ರಸ್ತೆಯಲ್ಲಿ ಅದನ್ನು ಅಳೆಯುವವರೂ ಇರಬೇಕು.

ಮತಕ್ಕಾಗಿ ಒಂದು ಸೇತುವೆ

ಲೆಕ್ಕವನ್ನು ಗೌರವಿಸಿದ ಈ ಸಚಿವೆ ರಾಜಕಾರಣಿಯೂ ಆಗಿದ್ದರು. ವಿಲ್ಸನ್ ಸರ್ಕಾರದ ಬಹುಮತ ಕೂದಲೆಳೆಯ ಮೇಲೆ ನಿಂತಿದ್ದ 1966ರ ಜನವರಿಯಲ್ಲಿ ಹಲ್ ನಾರ್ತ್ ಕ್ಷೇತ್ರಕ್ಕೆ ಉಪಚುನಾವಣೆ ಬಂತು. ಕ್ಯಾಸಲ್ ಅಲ್ಲಿಗೆ ತೆರಳಿ ಹಂಬರ್ ನದೀಮುಖಕ್ಕೆ ಸೇತುವೆ ಕಟ್ಟುವ ಭರವಸೆ ನೀಡಿದರು. ಲೇಬರ್ ಪಕ್ಷ ಹೆಚ್ಚಿದ ಅಂತರದಿಂದ ಗೆದ್ದಿತು. ಸೇತುವೆ 1981ರಲ್ಲಿ ತೆರೆಯಿತು. 1,410 ಮೀಟರ್ ಉದ್ದದ ಅದರ ನಡುವಣ ತೂಗುಭಾಗ 1998ರವರೆಗೆ ಜಗತ್ತಿನಲ್ಲೇ ಅತಿ ಉದ್ದವಾದುದಾಗಿತ್ತು. ಆದರೆ ಅದರ ಸಾಲದ ಹೊರೆ ದಶಕಗಳ ಕಾಲ ತೀರಲಿಲ್ಲ. 2011ರಲ್ಲಿ ಸರ್ಕಾರ 15 ಕೋಟಿ ಪೌಂಡ್ ಸಾಲ ಮನ್ನಾ ಮಾಡಬೇಕಾಯಿತು. ವೇಗಮಿತಿಗೆ ತೋರಿದ ತಾಳ್ಮೆಯನ್ನು ಅವರು ಸೇತುವೆಗೆ ತೋರಲಿಲ್ಲ.

1968ರ ಸಾರಿಗೆ ಕಾಯ್ದೆ ಅವರ ಇನ್ನೊಂದು ದೊಡ್ಡ ಕೊಡುಗೆ. ನಷ್ಟದಲ್ಲಿದ್ದರೂ ಜನರಿಗೆ ಅಗತ್ಯವಾದ ರೈಲು ಮಾರ್ಗಗಳಿಗೆ ಸರ್ಕಾರದ ಸಹಾಯಧನ ನೀಡುವ ತತ್ವವನ್ನು ಅದು ಒಪ್ಪಿತು. ಹಾಗಿದ್ದೂ ಅವರ ಕಾಲದಲ್ಲೇ ಸುಮಾರು 2,000 ಮೈಲಿ ರೈಲು ಮಾರ್ಗ ಮುಚ್ಚಿತು.

ಕೊನೆಯವರೆಗೂ ಹೋರಾಟ

1968ರ ಏಪ್ರಿಲ್‌ನಲ್ಲಿ ಉದ್ಯೋಗ ಖಾತೆಗೆ ಹೋದ ಕ್ಯಾಸಲ್, ಡ್ಯಾಗನ್‌ಹ್ಯಾಮಿನ ಫೋರ್ಡ್ ಕಾರ್ಖಾನೆಯ ಮಹಿಳಾ ಕಾರ್ಮಿಕರ ಮುಷ್ಕರದಲ್ಲಿ ಮಧ್ಯಸ್ಥಿಕೆ ವಹಿಸಿದರು. 1970ರ ಸಮಾನ ವೇತನ ಕಾಯ್ದೆ ತಂದರು. ಕಾರ್ಮಿಕ ಸಂಘಗಳ ಮುಷ್ಕರಗಳಿಗೆ ಕಡಿವಾಣ ಹಾಕುವ ಅವರ 1969ರ ಯೋಜನೆ ಮಾತ್ರ ಸ್ವಪಕ್ಷದವರ ವಿರೋಧದಿಂದಲೇ ನೆಲಕಚ್ಚಿತು. 1974ರಲ್ಲಿ ಸಮಾಜ ಸೇವಾ ಖಾತೆಗೆ ಬಂದು, ಮಕ್ಕಳ ಭತ್ಯೆ ತಾಯಂದಿರ ಕೈಗೇ ಸೇರುವ ಕಾಯ್ದೆ ರೂಪಿಸಿದರು. 1976ರಲ್ಲಿ ಪ್ರಧಾನಿಯಾದ ಜೇಮ್ಸ್ ಕ್ಯಾಲಹನ್ ಅವರನ್ನು ಸಂಪುಟದಿಂದ ಕೈಬಿಟ್ಟರು. ಮುಂದೆ ಹತ್ತು ವರ್ಷ ಯುರೋಪಿಯನ್ ಪಾರ್ಲಿಮೆಂಟಿನಲ್ಲಿದ್ದು, 1990ರಲ್ಲಿ ಲಾರ್ಡ್ಸ್ ಸಭೆ ಸೇರಿದರು. ತೊಂಬತ್ತರ ಹೊಸ್ತಿಲಲ್ಲೂ ಪಿಂಚಣಿದಾರರ ಪರವಾಗಿ ತಮ್ಮ ಪಕ್ಷದ ಸರ್ಕಾರದ ವಿರುದ್ಧವೇ ದನಿ ಎತ್ತಿದರು. 2002ರ ಮೇ 3ರಂದು, 91ನೇ ವಯಸ್ಸಿನಲ್ಲಿ ನಿಧನರಾದರು.

ಅವರು ಸಚಿವೆಯಾಗಿದ್ದ 1966ಕ್ಕೆ ಹೋಲಿಸಿದರೆ ಬ್ರಿಟನ್ನಿನಲ್ಲಿ ಇಂದು ವಾಹನಗಳು ಹಲವು ಪಟ್ಟು ಹೆಚ್ಚಿವೆ. ಆದರೂ 2023ರಲ್ಲಿ ಅಲ್ಲಿನ ರಸ್ತೆಗಳಲ್ಲಿ ಸತ್ತವರು 1,624 ಮಂದಿ. ಸೀಟ್ ಬೆಲ್ಟು, ಉತ್ತಮ ಕಾರುಗಳು, ಸುಧಾರಿಸಿದ ರಸ್ತೆ ಮತ್ತು ಚಿಕಿತ್ಸೆ ಎಲ್ಲಕ್ಕೂ ಇದರಲ್ಲಿ ಪಾಲಿದೆ. ಕ್ಯಾಸಲ್ ಅವರ ಪಾಲನ್ನು ಬೇರ್ಪಡಿಸಿ ತೋರಿಸಲು ಮಾತ್ರ ಕಷ್ಟವಿಲ್ಲ. ಪ್ರತಿ ನಿಯಮದ ಮುಂಚೆ ಮತ್ತು ನಂತರದ ಸಂಖ್ಯೆಗಳನ್ನು ಬರೆದಿಡುವ ವ್ಯವಸ್ಥೆ ಆಗ ಇತ್ತು. ಆ ಸಂಖ್ಯೆಗಳು ಬರುವವರೆಗೆ ಕಾಯುವ ಮನಸ್ಸು ಅವರಿಗಿತ್ತು. 1967ರ ಚಳಿಗಾಲದ ವಾರಾಂತ್ಯದ ರಾತ್ರಿಗಳಲ್ಲಿ ಜೀವಂತವಾಗಿ ಮನೆ ತಲುಪಿದವರಲ್ಲಿ ಅವರನ್ನು ಶಪಿಸುತ್ತಲೇ ಹೋದವರೂ ಇದ್ದಿರಬೇಕು.