ನಾಡಿ ಎಣಿಸದೆ ಓಡಿದ ಬೆಳಗಾವಿಯ ಚೌಗುಲೆ

1920ರ ಆಗಸ್ಟ್ 22. ಬೆಲ್ಜಿಯಂ ದೇಶದ ಆಂಟ್‌ವರ್ಪ್ ನಗರದಲ್ಲಿ ಒಲಿಂಪಿಕ್ ಮ್ಯಾರಥಾನ್ ಓಟ ನಡೆಯಿತು. ಆಕಾಶದಲ್ಲಿ ಮೋಡ ಕವಿದು ಜಿನುಗು ಮಳೆ ಬೀಳುತ್ತಿತ್ತು. ಯುರೋಪು, ಅಮೆರಿಕ, ದಕ್ಷಿಣ ಆಫ್ರಿಕಗಳ ಹೆಸರಾಂತ ಓಟಗಾರರ ನಡುವೆ ಬೆಳಗಾವಿಯಿಂದ ಬಂದಿದ್ದ ಒಬ್ಬ ಭಾರತೀಯನೂ ನಿಂತಿದ್ದ. ಆತನ ಹೆಸರು ಫಡೆಪ್ಪ ದರೆಪ್ಪ ಚೌಗುಲೆ. 42 ಕಿಲೋಮೀಟರ್ 750 ಮೀಟರ್ ದೂರವನ್ನು ಆತ 2 ಗಂಟೆ 50 ನಿಮಿಷ 45 ಸೆಕೆಂಡುಗಳಲ್ಲಿ ಕ್ರಮಿಸಿ 19ನೆಯವನಾಗಿ ಗುರಿ ಮುಟ್ಟಿದ. ಒಲಿಂಪಿಕ್ ಮ್ಯಾರಥಾನಿನ ಕೊನೆಯ ಗೆರೆಯನ್ನು ದಾಟಿದ ಮೊದಲ ಭಾರತೀಯ ಆತನೇ.

ಆತನ ಮೈಮೇಲೆ ಯಾವ ಉಪಕರಣವೂ ಇರಲಿಲ್ಲ. ನಾಡಿ ಎಷ್ಟು ಬಡಿಯುತ್ತಿದೆ, ಎಷ್ಟು ಕ್ಯಾಲೊರಿ ಕರಗಿದೆ ಎಂದು ತಿಳಿಸುವ ಪಟ್ಟಿ ಆಗಿನ್ನೂ ಲೋಕದಲ್ಲೇ ಹುಟ್ಟಿರಲಿಲ್ಲ. ಇಂದು ಅದೇ ಬೆಳಗಾವಿಯ ಬೀದಿಗಳಲ್ಲಿ ಮುಂಜಾನೆ ನಡೆಯುವವರ, ಓಡುವವರ ಮಣಿಕಟ್ಟಿನಲ್ಲಿ ಹೃದಯ ಬಡಿತದ ಮಾಪಕ ಮಿನುಗುತ್ತದೆ. ಮನೆಗೆ ಮರಳಿ ಅದರ ಅಂಕಿಯನ್ನು ನೋಡಿ ಎರಡು ಇಡ್ಲಿ ಹೆಚ್ಚು ತಿನ್ನಬಹುದೇ ಎಂದು ಲೆಕ್ಕ ಹಾಕುವವರೂ ಇದ್ದಾರೆ. ಆ ಅಂಕಿಯನ್ನು ಯಾವಾಗ ನಂಬಬೇಕು, ಯಾವಾಗ ನಂಬಬಾರದು ಎಂಬುದನ್ನು ಅರಿಯಲು ಮಾಪಕವೇ ಇಲ್ಲದ ಕಾಲದಲ್ಲಿ ಓಡಿದ ಈ ಮನುಷ್ಯನ ಜೀವನದ ಆ ಒಂದು ವರ್ಷ ಸಾಕು.

ನಿಮಿಷವೋ, ಸೆಕೆಂಡೋ?

ಚೌಗುಲೆಯ ಕಾಲಕ್ಕೆ ಬೆಳಗಾವಿ ಮುಂಬಯಿ ಪ್ರಾಂತಕ್ಕೆ ಸೇರಿತ್ತು. ಹೆಸರಿನ ಕೊನೆಯ ‘ಅಪ್ಪ’ ಈ ಸೀಮೆಯ ಕನ್ನಡದ ರೂಢಿ. ‘ಚೌಗುಲೆ’ ಪಾಟೀಲನ ಕೈಕೆಳಗಿನ ಗ್ರಾಮಾಧಿಕಾರಿಗೆ ಸಲ್ಲುತ್ತಿದ್ದ ಹಳೆಯ ಪದವಿ. ಎರಡು ಭಾಷೆಗಳ ಗಡಿಯಲ್ಲಿ ಬೆಳೆದ ಊರಿನ ಗುರುತು ಆತನ ಹೆಸರಿನಲ್ಲೇ ಇತ್ತು.

ಆತನಿಗೆ ಲೋಕದ ಬಾಗಿಲು ತೆರೆದದ್ದು ಪುಣೆಯಲ್ಲಿ. 1919ರಲ್ಲಿ ಅಲ್ಲಿನ ಡೆಕ್ಕನ್ ಜಿಮ್ಖಾನಾ ನಡೆಸಿದ ಕ್ರೀಡಾಕೂಟವನ್ನು ಸಂಸ್ಥೆಯ ಅಧ್ಯಕ್ಷರಾಗಿದ್ದ ಸರ್ ದೋರಾಬ್ಜಿ ಟಾಟಾ ಕಂಡರು. ಹಳ್ಳಿಗಾಡಿನ ತರುಣರು ಬರಿಗಾಲಿನಲ್ಲಿ ಓಡಿ, ಯುರೋಪಿನ ಓಟಗಾರರಿಗೆ ಹೋಲಿಸಬಹುದಾದ ವೇಗ ತೋರಿದ್ದು ಅವರನ್ನು ಬೆರಗುಗೊಳಿಸಿತು. ಇವರನ್ನು ಒಲಿಂಪಿಕ್ಸ್‌ಗೆ ಏಕೆ ಕಳುಹಿಸಬಾರದು ಎಂಬ ಆಲೋಚನೆ ಹುಟ್ಟಿದ್ದು ಅಲ್ಲಿಯೇ. ಆ ದಿನಗಳ ಒಂದು ಪ್ರಸಂಗ ಪ್ರಸಿದ್ಧವಾಗಿದೆ. ನೂರು ಗಜದ ಓಟಕ್ಕೆ ಒಲಿಂಪಿಕ್ಸ್‌ನಲ್ಲಿ ಎಷ್ಟು ಹೊತ್ತು ಹಿಡಿಯಬಹುದು ಎಂದು ಕೇಳಿದಾಗ ಜಿಮ್ಖಾನಾದ ಗಣ್ಯರೊಬ್ಬರು ಒಂದೆರಡು ನಿಮಿಷವಿರಬಹುದೆಂದು ಉತ್ತರಿಸಿದರಂತೆ. ಅಲ್ಲಿ ಲೆಕ್ಕ ನಿಮಿಷಗಳಲ್ಲಲ್ಲ, ಸೆಕೆಂಡುಗಳಲ್ಲಿ, ಸೆಕೆಂಡಿನ ಭಾಗಗಳಲ್ಲಿ ಎಂದು ತಿಳಿದಾಗ ಅವರು ದಂಗಾದರು. ಓಡುವ ಕಾಲುಗಳು ದೇಶದಲ್ಲಿದ್ದವು. ಅಳೆಯುವ ಅಭ್ಯಾಸ ಇನ್ನೂ ಬಂದಿರಲಿಲ್ಲ.

1920ರಲ್ಲಿ ಪುಣೆಯಲ್ಲಿ ಆಯ್ಕೆ ನಡೆದು, ಓಟಗಾರರು ಮತ್ತು ಕುಸ್ತಿಪಟುಗಳ ಒಂದು ಸಣ್ಣ ತಂಡ ಸಿದ್ಧವಾಯಿತು. ದೂರದ ಓಟಕ್ಕೆ ಚೌಗುಲೆ ಮತ್ತು ಸದಾಶಿವ ದಾತಾರ್ ಆಯ್ಕೆಯಾದರು. ಖರ್ಚಿಗೆ ಸರ್ಕಾರ ಒಂದಿಷ್ಟು ಕೊಟ್ಟಿತು, ಸಾರ್ವಜನಿಕರು ಒಂದಿಷ್ಟು ಕೂಡಿಸಿದರು, ಟಾಟಾ ತಮ್ಮ ಸ್ವಂತ ಹಣವನ್ನೂ ಸೇರಿಸಿದರು. ಜೂನ್ ತಿಂಗಳಲ್ಲಿ ತಂಡ ಮುಂಬಯಿಯಿಂದ ಹಡಗು ಹತ್ತಿತು. ಲಂಡನ್ನಿನ ಸ್ಟ್ಯಾಮ್‌ಫರ್ಡ್ ಬ್ರಿಡ್ಜ್ ಕ್ರೀಡಾಂಗಣದಲ್ಲಿ ಕೆಲವು ವಾರಗಳ ತರಬೇತಿ ಪಡೆದು ಬೆಲ್ಜಿಯಂ ಸೇರಿತು.

ಖಾನಾಪುರಕ್ಕೆ ಹೋಗಿ ಬಂದಷ್ಟು

ಆಂಟ್‌ವರ್ಪಿನ ದೂರವನ್ನು ಬೆಳಗಾವಿಯವರಿಗೆ ತಿಳಿಯುವಂತೆ ಹೇಳುವುದಾದರೆ, ಬೆಳಗಾವಿಯಿಂದ ಖಾನಾಪುರ ಸುಮಾರು 26 ಕಿ.ಮೀ. ಪೀರನವಾಡಿ, ಮಚ್ಛೆ, ಇದಲಹೊಂಡ, ಗಣೇಬೈಲುಗಳನ್ನು ದಾಟಿ ಖಾನಾಪುರದ ಮಲಪ್ರಭಾ ನದಿಯವರೆಗೆ ಓಡಿ, ಅಲ್ಲಿಂದ ಹಿಂತಿರುಗಿ ಮತ್ತೆ ಮಚ್ಛೆಯ ಆಸುಪಾಸು ತಲುಪಿದರೆ ಆ ದೂರವಾಗುತ್ತದೆ. ಇತರ ಒಲಿಂಪಿಕ್ ಮ್ಯಾರಥಾನುಗಳಿಗಿಂತ ಆಂಟ್‌ವರ್ಪಿನದು ಉದ್ದವಾದದ್ದು, ಇಂದಿನ 42.195 ಕಿ.ಮೀ. ಅಳತೆಗಿಂತ ಅದು 555 ಮೀಟರ್ ಹೆಚ್ಚು. ಚೌಗುಲೆ ಸರಾಸರಿ ಪ್ರತಿ ಕಿಲೋಮೀಟರಿಗೆ ನಾಲ್ಕು ನಿಮಿಷದ ವೇಗವನ್ನು ಕಾಯ್ದುಕೊಂಡ. ಅದೇ ವೇಗದಲ್ಲಿ ಬೆಳಗಾವಿಯಿಂದ ಹೊರಟರೆ ಖಾನಾಪುರ ಮುಟ್ಟಲು ಒಂದು ಗಂಟೆ 44 ನಿಮಿಷ ಸಾಕು.

ಮೊದಲಿಗನಾಗಿ ಬಂದದ್ದು ಫಿನ್ಲೆಂಡಿನ ಹಾನ್ನೆಸ್ ಕೊಲೆಹ್ಮೈನೆನ್. ಆತನ ಸಮಯ 2 ಗಂಟೆ 32 ನಿಮಿಷ 35 ಸೆಕೆಂಡು. ಎಸ್ಟೋನಿಯದ ಯೂರಿ ಲೊಸ್ಮನ್ ಕೇವಲ 13 ಸೆಕೆಂಡುಗಳಷ್ಟು ಹಿಂದಿದ್ದ. ಒಂದು ಹಂತದಲ್ಲಿ ಕೊಲೆಹ್ಮೈನೆನ್ನನ ಜೊತೆಗೆ ಮುಂಚೂಣಿಯಲ್ಲಿದ್ದ ದಕ್ಷಿಣ ಆಫ್ರಿಕದ ಗಿಟ್ಶಮ್ ದಾರಿಯಲ್ಲಿ ಓಟ ಬಿಟ್ಟ. ಚೌಗುಲೆಯ ಜೊತೆಗಾರ ದಾತಾರನಿಗೂ ಓಟ ಪೂರೈಸಲು ಆಗಲಿಲ್ಲ.

ಮ್ಯಾರಥಾನನ್ನು ಹಲವರು ದಾರಿಯಲ್ಲೇ ಬಿಡುವುದಕ್ಕೆ ಶರೀರಶಾಸ್ತ್ರದಲ್ಲಿ ಒಂದು ಕಾರಣವಿದೆ. ಸ್ನಾಯು ಮತ್ತು ಯಕೃತ್ತಿನಲ್ಲಿ ಕೂಡಿಟ್ಟ ಶರ್ಕರದ ಶಕ್ತಿ ಸುಮಾರು 2,000 ಕಿಲೋಕ್ಯಾಲೊರಿ. ಸಮತಟ್ಟಾದ ನೆಲದಲ್ಲಿ ಓಡುವವನು ತನ್ನ ತೂಕದ ಪ್ರತಿ ಕಿಲೋಗ್ರಾಮಿಗೆ, ಪ್ರತಿ ಕಿಲೋಮೀಟರಿಗೆ ಸುಮಾರು ಒಂದು ಕಿಲೋಕ್ಯಾಲೊರಿ ವ್ಯಯಿಸುತ್ತಾನೆ. 55 ಕಿಲೋ ತೂಗುವ ಒಬ್ಬ ಓಟಗಾರ ಆಂಟ್‌ವರ್ಪಿನ ದಾರಿ ಮುಗಿಸಲು 2,350 ಕಿಲೋಕ್ಯಾಲೊರಿ ಬೇಕು. 60 ಕಿಲೋ ಇದ್ದರೆ 2,565. ಕೊಬ್ಬಿನಿಂದಲೂ ಶಕ್ತಿ ಒದಗುತ್ತದೆ, ಆದರೆ ನಿಧಾನವಾಗಿ. ಮೊದಲೇ ವೇಗ ಮೀರಿದವನ ಶರ್ಕರ ಬೇಗ ಬರಿದಾಗಿ 30 ಕಿ.ಮೀ. ಆಚೆ ಕಾಲು ಏಳುವುದಿಲ್ಲ.

ಗಮನಿಸಬೇಕಾದ ಸಂಗತಿಯೆಂದರೆ, ಮೇಲಿನ ಲೆಕ್ಕಕ್ಕೆ ನಾಡಿಯ ಎಣಿಕೆ ಬೇಕಾಗಲಿಲ್ಲ. ಸಮ ನೆಲದ ಓಟಕ್ಕೆ ತೂಕ ಮತ್ತು ದೂರ ತಿಳಿದರೆ ಸಾಕು. ಇಂದಿನ ಓಟಗಾರನೂ ಕ್ಯಾಲೊರಿ ತಿಳಿಯಲೆಂದು ಮಾತ್ರ ಮಾಪಕ ಕೊಳ್ಳುವುದಾದರೆ, ಸಮತಟ್ಟಾದ ದಾರಿಯಲ್ಲಿ ಅದರ ಅಗತ್ಯ ಕಡಿಮೆಯೇ.

ಉಪ್ಪುನೀರಿನ ಪಾತ್ರೆಗಳ ಕಾಲ

ಹೃದಯದ ವಿದ್ಯುತ್ತನ್ನು ಅಳೆಯುವ ಯಂತ್ರ ಚೌಗುಲೆಯ ಕಾಲಕ್ಕೆ ಇರಲಿಲ್ಲವೆಂದಲ್ಲ. ಹಾಲೆಂಡಿನ ವಿಲ್ಲೆಮ್ ಐಂಥೋವನ್ 20ನೆಯ ಶತಮಾನದ ಆರಂಭದಲ್ಲೇ ಅದನ್ನು ರೂಪಿಸಿದ್ದ. ಮೊದಲ ಯಂತ್ರದ ತೂಕ ಸುಮಾರು 270 ಕಿಲೋ. ನಡೆಸಲು ಐದು ಜನ ಬೇಕಿತ್ತು. ಪರೀಕ್ಷೆಗೆ ಒಳಗಾಗುವವನು ಕೈಕಾಲುಗಳನ್ನು ಉಪ್ಪುನೀರಿನ ಪಾತ್ರೆಗಳಲ್ಲಿ ಅದ್ದಿ ಅಲುಗದೆ ಕುಳಿತಿರಬೇಕಿತ್ತು. ಓಡುವವನ ಹೃದಯಕ್ಕೂ ಆ ಯಂತ್ರಕ್ಕೂ ಸಂಬಂಧವೇ ಇರಲಿಲ್ಲ. ಈ ಸಾಧನೆಗೆ ಐಂಥೋವನ್‌ಗೆ ನೊಬೆಲ್ ಬಂದದ್ದು 1924ರಲ್ಲಿ. ಗಾಂಧೀಜಿಯವರ ಅಧ್ಯಕ್ಷತೆಯ ಕಾಂಗ್ರೆಸ್ ಅಧಿವೇಶನ ಬೆಳಗಾವಿಯಲ್ಲಿ ನಡೆದ ವರ್ಷವೇ.

ಆಂಟ್‌ವರ್ಪಿನಲ್ಲಿ ಗೆದ್ದ ಫಿನ್ಲೆಂಡಿಗೂ ಈ ಮಾಪಕಕ್ಕೂ ಮುಂದೊಂದು ನಂಟು ಬೆಳೆಯಿತು. 1977ರಲ್ಲಿ ಆ ದೇಶದ ಪ್ರಾಧ್ಯಾಪಕ ಸೆಪ್ಪೊ ಸೈನಾಯಾಕಂಗಾಸ್ ಪೋಲಾರ್ ಎಂಬ ಸಂಸ್ಥೆಯನ್ನು ಕಟ್ಟಿದ. 1982ರಲ್ಲಿ ಎದೆಗೆ ಪಟ್ಟಿ ಕಟ್ಟಿಕೊಂಡು ಮಣಿಕಟ್ಟಿನಲ್ಲಿ ಅಂಕಿ ನೋಡುವ, ತಂತಿಯಿಲ್ಲದ ಮಾಪಕ ಮಾರುಕಟ್ಟೆಗೆ ಬಂತು. ಎದೆಯ ಪಟ್ಟಿ ಹೃದಯದ ವಿದ್ಯುತ್ತನ್ನೇ ಗ್ರಹಿಸುತ್ತದೆ. ಇಂದಿನ ಕೈಗಡಿಯಾರಗಳು ಚರ್ಮಕ್ಕೆ ಬೆಳಕು ಬೀರಿ ರಕ್ತದ ಏರಿಳಿತವನ್ನು ಓದುತ್ತವೆ. ಪಟ್ಟಿ ಸಡಿಲವಿದ್ದರೆ, ಕೈ ಜೋರಾಗಿ ಬೀಸಿದರೆ ಎಣಿಕೆ ತಪ್ಪುತ್ತದೆ.

ಯಾವಾಗ ಕಟ್ಟಬೇಕು?

ಮಾಪಕವು ಕ್ಯಾಲೊರಿಯನ್ನು ಕಾಣುವುದಿಲ್ಲ. ಬಡಿತವನ್ನು ಕಂಡು ಕ್ಯಾಲೊರಿಯನ್ನು ಊಹಿಸುತ್ತದೆ. ದೇಹ ಒಂದೇ ಸಮನೆ ದುಡಿಯುವಾಗ ಬಡಿತ ಏರಿದಂತೆ ಆಮ್ಲಜನಕದ ಬಳಕೆಯೂ ಏರುತ್ತದೆ. ಒಂದು ಲೀಟರ್ ಆಮ್ಲಜನಕಕ್ಕೆ ಸುಮಾರು 5 ಕಿಲೋಕ್ಯಾಲೊರಿ. ಈ ಸಂಬಂಧ ಗಟ್ಟಿಯಾಗಿರುವುದು ಬಿರುಸಿನ ನಡಿಗೆ, ಓಟ, ಸೈಕಲ್ ಸವಾರಿ, ಈಜು ಇಂಥ ಎಡೆಬಿಡದ ವ್ಯಾಯಾಮಗಳಲ್ಲಿ. ಖಾನಾಪುರದ ಏರಿಳಿತದ ದಾರಿಯಲ್ಲಿ ಎದುರುಗಾಳಿಗೆ ಸೈಕಲ್ ತುಳಿಯುವವನಿಗೆ ದೂರದ ಲೆಕ್ಕ ಸಾಲದು. ಅಲ್ಲಿ ಮಾಪಕ ನಿಜವಾಗಿ ಉಪಯುಕ್ತ.

ಬಡಿತ ಸುಳ್ಳು ಹೇಳುವ ಹೊತ್ತುಗಳೂ ಇವೆ. ಓಟದ ಗೆರೆಯಲ್ಲಿ ನಿಂತವನ ಎದೆ ಭಯ, ಉದ್ವೇಗಗಳಿಂದಲೇ ಹೊಡೆದುಕೊಳ್ಳುತ್ತದೆ. ಕ್ಯಾಲೊರಿ ಅಷ್ಟೇನೂ ಕರಗುವುದಿಲ್ಲ. ಕಾಫಿ, ಜ್ವರ, ಕಚೇರಿಯ ಸಿಟ್ಟು ಎಲ್ಲವೂ ಬಡಿತವನ್ನು ಏರಿಸುತ್ತವೆ. ಆದುದರಿಂದ ಕ್ಯಾಲೊರಿಯ ಲೆಕ್ಕಕ್ಕಾಗಿ ಇಡೀ ದಿನ ಮಾಪಕ ಕಟ್ಟಿಕೊಂಡು ಕೂಡುವುದರಲ್ಲಿ ಅರ್ಥವಿಲ್ಲ. ಚೌಗುಲೆಯ ತಂಡದಲ್ಲಿ ಕುಸ್ತಿಪಟುಗಳೂ ಇದ್ದರು. ಅವರಲ್ಲಿ ರಣಧೀರ ಶಿಂದೆ ನಾಲ್ಕನೆಯ ಸ್ಥಾನದವರೆಗೆ ಹೋದ. ಗರಡಿಯಲ್ಲಿ ಭಾರ ಎತ್ತುವಾಗ, ಪಟ್ಟು ಬಿಗಿದು ಉಸಿರು ಹಿಡಿದಾಗ ಬಡಿತ ಏರಿದಷ್ಟು ಆಮ್ಲಜನಕದ ಬಳಕೆ ಏರುವುದಿಲ್ಲ. ಅಲ್ಲಿ ಮಾಪಕ ತೋರಿಸುವ ಕ್ಯಾಲೊರಿ ವಾಸ್ತವಕ್ಕಿಂತ ಹೆಚ್ಚಿರುತ್ತದೆ.

ಬಿಸಿಲಿನದು ಇನ್ನೊಂದು ಕಥೆ. ಆಂಟ್‌ವರ್ಪಿನ ತಂಪು ಮಳೆ ಓಟಗಾರರಿಗೆ ಅನುಕೂಲವಾಗಿತ್ತು. ಅದೇ ಓಟವನ್ನು ಏಪ್ರಿಲ್ ಬಿಸಿಲಿನಲ್ಲಿ ಖಾನಾಪುರದ ದಾರಿಯಲ್ಲಿ ಓಡಿದರೆ, ವೇಗ ಹೆಚ್ಚದಿದ್ದರೂ ಬಡಿತ ಮೆಲ್ಲಗೆ ಏರುತ್ತ ಹೋಗುತ್ತದೆ. ದೇಹವನ್ನು ತಣಿಸಲು ರಕ್ತ ಚರ್ಮದ ಕಡೆ ಹರಿಯುತ್ತದೆ, ಬೆವರಿನಿಂದ ನೀರು ಕಡಿಮೆಯಾಗುತ್ತದೆ, ಹೃದಯ ಹೆಚ್ಚು ಬಾರಿ ಬಡಿಯಬೇಕಾಗುತ್ತದೆ. ಮಾಪಕ ಇದನ್ನೂ ಕರಗಿದ ಕ್ಯಾಲೊರಿಯೆಂದೇ ಬರೆದುಕೊಳ್ಳುತ್ತದೆ. ಅಂಥ ದಿನ ಆ ಅಂಕಿ ನೋಡಿ ಹಿಗ್ಗುವುದಲ್ಲ. ವೇಗ ತಗ್ಗಿಸಿ ನೀರು ಕುಡಿಯಬೇಕು. ರಕ್ತದೊತ್ತಡಕ್ಕೆ ಬೀಟಾ ಬ್ಲಾಕರ್ ಮಾತ್ರೆ ನುಂಗುವವರ ಬಡಿತ ಔಷಧದಿಂದಲೇ ಇಳಿದಿರುವುದರಿಂದ ಅವರಿಗೆ ಈ ಲೆಕ್ಕ ಹೊಂದುವುದಿಲ್ಲ.

2017ರಲ್ಲಿ ಅಮೆರಿಕದ ಸ್ಟ್ಯಾನ್‌ಫರ್ಡ್ ವಿಶ್ವವಿದ್ಯಾಲಯದ ಸಂಶೋಧಕರು ಕೈಗೆ ಕಟ್ಟುವ ಏಳು ಬಗೆಯ ಸಾಧನಗಳನ್ನು ಪರೀಕ್ಷಿಸಿದರು. ಏಳರಲ್ಲಿ ಆರು ಸಾಧನಗಳು ಬಡಿತವನ್ನು ಶೇ. 5ಕ್ಕಿಂತ ಕಡಿಮೆ ತಪ್ಪಿನಲ್ಲಿ ಅಳೆದವು. ಕ್ಯಾಲೊರಿಯ ವಿಷಯದಲ್ಲಿ ಮಾತ್ರ ಅತ್ಯಂತ ನಿಖರವಾದದ್ದೂ ಸರಾಸರಿ ಶೇ. 27ರಷ್ಟು ತಪ್ಪಿತು; ಅತ್ಯಂತ ಕೆಟ್ಟದ್ದು ಶೇ. 93ರಷ್ಟು. ತೂಕ, ವಯಸ್ಸುಗಳನ್ನು ಸರಿಯಾಗಿ ತುಂಬಿ, ವ್ಯಾಯಾಮ ಆರಂಭಿಸುವಾಗ ಕಟ್ಟಿ, ಮುಗಿದಾಗ ನಿಲ್ಲಿಸಿ, ಒಂದೇ ಬಗೆಯ ವ್ಯಾಯಾಮವನ್ನು ವಾರದಿಂದ ವಾರಕ್ಕೆ ಹೋಲಿಸಿಕೊಳ್ಳುವವನಿಗೆ ಮಾಪಕ ಒಳ್ಳೆಯ ಜೊತೆಗಾರ. ಊಟದ ತಟ್ಟೆಯನ್ನು ಅದರ ಅಂಕಿಯಿಂದ ಅಳೆಯುವವನಿಗೆ ಅಲ್ಲ.

ಉಳಿದ ಒಂದು ಅಂಕಿ

ಚೌಗುಲೆ ಆಂಟ್‌ವರ್ಪಿನಲ್ಲಿ 10,000 ಮೀಟರ್ ಓಟದ ಕಣದಲ್ಲೂ ಇದ್ದ. ಅಲ್ಲಿ ಅಂತಿಮ ಸುತ್ತು ತಲುಪಲಿಲ್ಲ. ಭಾರತದ ಆ ಮೊದಲ ತಂಡಕ್ಕೆ ಪದಕವೊಂದೂ ಬರಲಿಲ್ಲ. ಆದರೆ ಅದರ ಬೆನ್ನಿಗೇ ದೇಶದಲ್ಲಿ ಒಲಿಂಪಿಕ್ ಚಳವಳಿ ಬೇರೂರಿ, 1927ರಲ್ಲಿ ಭಾರತೀಯ ಒಲಿಂಪಿಕ್ ಸಂಸ್ಥೆ ರೂಪುಗೊಂಡಿತು. ದೋರಾಬ್ಜಿ ಟಾಟಾ ಅದರ ಮೊದಲ ಅಧ್ಯಕ್ಷರಾದರು.

ಚೌಗುಲೆಯ ಸಾಧನೆಯ ಬೆಲೆ ಹೋಲಿಕೆಯಿಂದ ತಿಳಿಯುತ್ತದೆ. 32 ವರ್ಷಗಳ ಅನಂತರ, 1952ರ ಹೆಲ್ಸಿಂಕಿ ಒಲಿಂಪಿಕ್ಸ್‌ನಲ್ಲಿ ಸ್ವತಂತ್ರ ಭಾರತದ ಸೂರತ್ ಸಿಂಗ್ ಮಾಥುರ್ ಮ್ಯಾರಥಾನ್ ಪೂರೈಸಿದ್ದು 2 ಗಂಟೆ 58 ನಿಮಿಷಗಳಲ್ಲಿ, 52ನೆಯ ಸ್ಥಾನದಲ್ಲಿ. ಬೆಳಗಾವಿಯ ಓಟಗಾರ ಅದಕ್ಕಿಂತ ಅರ್ಧ ಕಿಲೋಮೀಟರಿಗೂ ಹೆಚ್ಚು ದೂರವನ್ನು ಏಳು ನಿಮಿಷ ಮೊದಲೇ ಮುಗಿಸಿದ್ದ. 1976ರಲ್ಲಿ ಮಾಂಟ್ರಿಯಲ್‌ನಲ್ಲಿ ಶಿವನಾಥ ಸಿಂಗ್ 11ನೆಯವನಾಗಿ ಬಂದು ಆ 19ನೆಯ ಸ್ಥಾನವನ್ನು ಹಿಂದಿಕ್ಕಿದ.

ಬೆಳಗಾವಿ 1924ರ ಅಧಿವೇಶನವನ್ನು ಸ್ಮಾರಕಗಳಲ್ಲಿ ಜತನವಾಗಿ ಉಳಿಸಿಕೊಂಡಿದೆ. ಅದಕ್ಕೆ ನಾಲ್ಕು ವರ್ಷ ಮೊದಲು ಊರಿನ ಹೆಸರನ್ನು ಆಂಟ್‌ವರ್ಪಿನವರೆಗೆ ಕೊಂಡೊಯ್ದವನ ಬಗೆಗೆ ಖಾನಾಪುರದ ದಾರಿಯಲ್ಲಿ ಮುಂಜಾನೆ ಓಡುವ ಎಷ್ಟು ಮಂದಿಗೆ ಗೊತ್ತಿದೆ? ಅವರ ಕೈಯಲ್ಲಿ ಈಗ ಹತ್ತಾರು ಅಂಕಿಗಳಿವೆ. ಚೌಗುಲೆಗೆ ಇದ್ದದ್ದು ಉಸಿರಿನ ಲಯ, ಕಾಲಿನ ಭಾರ ಮತ್ತು ಗುರಿಯಲ್ಲಿ ನಿಂತಿದ್ದವರ ಕೈಯ ಒಂದು ಗಡಿಯಾರ. ಉಸಿರು ಎಷ್ಟು ಏರಿದೆ, ಪಕ್ಕದವನೊಡನೆ ಎರಡು ಮಾತು ಆಡಬಲ್ಲೆನೇ ಎಂದು ಗಮನಿಸುವುದು ಇಂದಿಗೂ ವ್ಯಾಯಾಮದ ತೀವ್ರತೆಯನ್ನು ಅರಿಯುವ ವಿಶ್ವಾಸಾರ್ಹ ಕ್ರಮವಾಗಿಯೇ ಉಳಿದಿದೆ. ಮಾಪಕವನ್ನು ಕಟ್ಟಿಕೊಂಡವರೂ ಅದನ್ನು ಮರೆಯಬೇಕಾಗಿಲ್ಲ.