ಕುಂದಗೋಳದ ಸೌಮ್ಯ ಗುರು ಸವಾಯಿ ಗಂಧರ್ವ

ಹಿಂದೂಸ್ತಾನಿ ಸಂಗೀತದ ಕಿರಾನಾ ಘರಾಣೆಯ ಮಾತು ಬಂದಾಗಲೆಲ್ಲ ಧಾರವಾಡ ಜಿಲ್ಲೆಯ ಕುಂದಗೋಳದ ಹೆಸರೂ ಬರುತ್ತದೆ. ಉತ್ತರ ಭಾರತದ ಕೈರಾನಾ ಊರಿನ ಹೆಸರು ಹೊತ್ತ ಗಾಯನ ಪರಂಪರೆಯೊಂದು ದೂರದ ಎರೆಮಣ್ಣಿನ ಸೀಮೆಯಲ್ಲಿ ಬೇರುಬಿಡಲು ಕಾರಣರಾದವರು ಒಬ್ಬ ಮಿತಭಾಷಿ ಗುರು. ಅವರೇ ಸವಾಯಿ ಗಂಧರ್ವ ಎಂದು ಪ್ರಸಿದ್ಧರಾದ ರಾಮಭಾವು ಕುಂದಗೋಳಕರ.

ರಾಮಭಾವು ಜನಿಸಿದ್ದು 1886ರ ಜನವರಿ 19ರಂದು, ಹುಬ್ಬಳ್ಳಿ ಸಮೀಪದ ಅಮರಗೋಳದಲ್ಲಿ. ಮನೆತನದ ಹೆಸರು ಸಂಶಿ. ತಂದೆ ಗಣೇಶ ಸಂಶಿಯವರು ಕುಂದಗೋಳದ ಜಮೀನ್ದಾರ ನಾಡಗೀರ ಮನೆತನದಲ್ಲಿ ಕಾರಕೂನರಾಗಿದ್ದರು. ಕುಂದಗೋಳ ಆಗ ಜಮಖಂಡಿ ಸಂಸ್ಥಾನಕ್ಕೆ ಸೇರಿತ್ತು. ಬಾಲಕ ಹುಬ್ಬಳ್ಳಿಯ ಲ್ಯಾಮಿಂಗ್ಟನ್ ಶಾಲೆಗೆ ಹೋದರೂ ಬಡತನದಿಂದಾಗಿ ಓದು ಮುಂದುವರಿಯಲಿಲ್ಲ. ಒಲವು ಸಂಗೀತದ ಕಡೆಗಿತ್ತು. ಬಲವಂತರಾವ್ ಕೊಲ್ಹಟ್ಕರ್ ಅವರಲ್ಲಿ ಮೊದಲ ಪಾಠಗಳಾದವು.

ಬದುಕಿನ ದಿಕ್ಕು ಬದಲಾದದ್ದು ಉಸ್ತಾದ್ ಅಬ್ದುಲ್ ಕರೀಂ ಖಾನ್ ಅವರ ಭೇಟಿಯಿಂದ. ಮೈಸೂರು ಆಸ್ಥಾನಕ್ಕೆ ಹೋಗಿಬರುತ್ತಿದ್ದ ಖಾನ್ ಸಾಹೇಬರಿಗೆ ನಾಡಗೀರರ ವಾಡೆಯಲ್ಲಿ ಆತಿಥ್ಯ ದೊರೆಯುತ್ತಿತ್ತು. ಅಲ್ಲಿ ಬಾಲಕನ ಆಸಕ್ತಿಯನ್ನು ಕಂಡ ಅವರು, ಎಂಟು ವರ್ಷ ತಮ್ಮ ಬಳಿಯೇ ಇದ್ದು ಕಲಿಯಬೇಕೆಂಬ ಷರತ್ತಿನ ಮೇಲೆ ಶಿಷ್ಯನನ್ನಾಗಿ ಸ್ವೀಕರಿಸಿದರು. ಮುಸ್ಲಿಂ ಉಸ್ತಾದರ ಮನೆಯಲ್ಲಿ ಬ್ರಾಹ್ಮಣ ಹುಡುಗನೊಬ್ಬ ಇದ್ದು ಕಲಿಯುವುದು ಆ ಕಾಲಕ್ಕೆ ಸಣ್ಣ ಸಂಗತಿಯಾಗಿರಲಿಲ್ಲ. ಪ್ರಾಯಕ್ಕೆ ಬಂದ ಮೇಲೆ ಕಂಠ ಒರಟಾಯಿತು. ಆ ಕಂಠವನ್ನು ರಾಮಭಾವು ಕೇವಲ ಸಾಧನೆಯಿಂದ ಪಳಗಿಸಿದರು. ಕಛೇರಿಯ ಆರಂಭದಲ್ಲಿ ಬಿಗಿಯಾಗಿರುತ್ತಿದ್ದ ದನಿ ನಿಧಾನವಾಗಿ ಅರಳುತ್ತಿದ್ದುದು ಅವರ ಗಾಯನದ ಗುರುತಾಯಿತು.

ಮುಂದೆ ಅವರು ಮರಾಠಿ ರಂಗಭೂಮಿಯನ್ನು ಸೇರಿದರು. ಗುರುಗಳಿಗೆ ಇದು ಹಿಡಿಸಲಿಲ್ಲ. ಆದರೆ ಸ್ತ್ರೀಪಾತ್ರಗಳಲ್ಲಿ, ರಂಗಗೀತೆಗಳಲ್ಲಿ ರಾಮಭಾವು ಜನಮನ ಗೆದ್ದರು. ಬಾಲಗಂಧರ್ವರ ಕೀರ್ತಿ ಉತ್ತುಂಗದಲ್ಲಿದ್ದ ಆ ದಿನಗಳಲ್ಲಿ ಅವರಿಗೆ ದೊರೆತ ಬಿರುದು ಸವಾಯಿ ಗಂಧರ್ವ. ಸವಾಯಿ ಎಂದರೆ ಒಂದೂಕಾಲು. ರಂಗಭೂಮಿಯನ್ನು ತೊರೆದ ಮೇಲೆ ಅವರು ಕುಂದಗೋಳಕ್ಕೆ ಮರಳಿ ಗಾಯನ ಮತ್ತು ಬೋಧನೆಗೆ ತಮ್ಮನ್ನು ಮುಡಿಪಾಗಿಟ್ಟರು.

ಅವರ ನಿಜವಾದ ಹಿರಿಮೆ ಇರುವುದು ಇಲ್ಲಿ. ಘರಾಣೆ ಎಂಬುದು ಆಗ ಬಹುಮಟ್ಟಿಗೆ ಮುಚ್ಚಿದ ಬಳಗ. ಯುರೋಪಿನ ಫ್ರೀಮೇಸನ್ ಸಂಘಗಳಲ್ಲಿ ಹೊಸಬನು ದೀಕ್ಷೆ ಪಡೆದು, ಮೆಟ್ಟಿಲು ಮೆಟ್ಟಿಲಾಗಿ ಮೇಲೇರಿ ಗುಟ್ಟುಗಳನ್ನು ಅರಿಯುವಂತೆ, ಇಲ್ಲಿಯೂ ಗುರು ಕೈಗೆ ದಾರ ಕಟ್ಟಿದ ಮೇಲೆಯೇ ವಿದ್ಯೆಯ ಬಾಗಿಲು ತೆರೆಯುತ್ತಿತ್ತು. ಅನೇಕ ಉಸ್ತಾದರು ಅಪರೂಪದ ಚೀಜುಗಳನ್ನು ಮನೆಮಂದಿಗಷ್ಟೇ ಉಳಿಸಿಕೊಳ್ಳುತ್ತಿದ್ದರು. ಸವಾಯಿ ಗಂಧರ್ವರು ಶಿಸ್ತನ್ನು ಉಳಿಸಿಕೊಂಡು, ಜಾತಿ, ಮತ, ಲಿಂಗಗಳ ಅಡ್ಡಗೋಡೆಗಳನ್ನು ಮಾತ್ರ ಸದ್ದಿಲ್ಲದೆ ಬದಿಗಿಟ್ಟರು.

ಹಾಡುವ ಹೆಣ್ಣುಮಕ್ಕಳನ್ನು ಸಮಾಜ ಕೀಳಾಗಿ ಕಾಣುತ್ತಿದ್ದ ಕಾಲದಲ್ಲಿ ಗಂಗೂಬಾಯಿ ಹಾನಗಲ್ ಹುಬ್ಬಳ್ಳಿಯಿಂದ ರೈಲಿನಲ್ಲಿ ಕುಂದಗೋಳಕ್ಕೆ ಬಂದು ಅವರಲ್ಲಿ ಕಲಿತರು. ಮನೆ ಬಿಟ್ಟು ಗುರುವನ್ನರಸಿ ಊರೂರು ಅಲೆದಿದ್ದ ಗದಗಿನ ಹುಡುಗ ಭೀಮಸೇನ ಜೋಶಿ ಗುರುಗಳ ಮನೆಯಲ್ಲೇ ಉಳಿದು, ನೀರು ಹೊತ್ತು ಸೇವೆ ಮಾಡುತ್ತ ಅಭ್ಯಾಸ ನಡೆಸಿದರು. ಮುಂಬೈನ ಪಾರ್ಸಿ ಯುವಕ ಫಿರೋಜ್ ದಸ್ತೂರ್ ಚಿತ್ರರಂಗದ ನಂಟಿದ್ದರೂ ಇವರ ಶಿಷ್ಯರಾದರು. ಪಂಚಾಕ್ಷರಿ ಗವಾಯಿಗಳ ಶಿಷ್ಯರಾಗಿದ್ದ, ಕುಂದಗೋಳ ತಾಲ್ಲೂಕಿನ ಯಲಿವಾಳದ ಬಸವರಾಜ ರಾಜಗುರು ಅವರಿಗೂ ಇಲ್ಲಿ ಪಾಠ ದೊರೆಯಿತು.

ಬೋಧನೆಯಲ್ಲಿ ಅವರು ಅವಸರಪಡುತ್ತಿರಲಿಲ್ಲ. ತೋಡಿ, ಮುಲ್ತಾನಿ, ಪೂರಿಯಾದಂಥ ಕೆಲವೇ ರಾಗಗಳನ್ನು ದೀರ್ಘಕಾಲ ಹಾಡಿಸುತ್ತಿದ್ದರು. ಒಂದೊಂದು ಸ್ವರವೂ ತನ್ನ ಸ್ಥಾನದಲ್ಲಿ ನಿಲ್ಲುವವರೆಗೆ ಮುಂದಿನ ಸ್ವರಕ್ಕೆ ಹೋಗುವಂತಿರಲಿಲ್ಲ. ಈ ತಾಳ್ಮೆ ಶಿಷ್ಯರನ್ನು ಗುರುವಿನ ಪಡಿಯಚ್ಚು ಮಾಡಲಿಲ್ಲ ಎಂಬುದು ಗಮನಾರ್ಹ. ಗಂಗೂಬಾಯಿಯವರ ಗಂಭೀರ ಕಂಠ, ಭೀಮಸೇನರ ಬಿರುಸಿನ ತಾನ್, ದಸ್ತೂರರ ಮೃದು ಆಲಾಪ ಒಂದೇ ಮನೆಯಿಂದ ಬಂದವು ಎಂದರೆ ನಂಬುವುದು ಕಷ್ಟ.

1942ರಲ್ಲಿ ಪಾರ್ಶ್ವವಾಯು ಬಡಿದು ಅವರ ಸಾರ್ವಜನಿಕ ಗಾಯನ ಬಹುತೇಕ ನಿಂತಿತು. ಗಾಯಕನಿಗೆ ಇದಕ್ಕಿಂತ ದೊಡ್ಡ ಆಘಾತವಿಲ್ಲ. ಅವರ ವಿದ್ಯೆ ಮಾತ್ರ ಅಷ್ಟರಲ್ಲಿ ಶಿಷ್ಯರ ಕಂಠಗಳಿಗೆ ದಾಟಿ ಆಗಿತ್ತು. 1952ರ ಸೆಪ್ಟೆಂಬರ್ 12ರಂದು ಪುಣೆಯಲ್ಲಿ ಅವರು ನಿಧನರಾದರು.

ಮರುವರ್ಷವೇ ಪುಣೆಯಲ್ಲಿ ಶಿಷ್ಯರು ಗುರುವಿನ ಹೆಸರಿನಲ್ಲಿ ಸಂಗೀತೋತ್ಸವ ಆರಂಭಿಸಿದರು. ಭೀಮಸೇನರು ದಶಕಗಳ ಕಾಲ ಅದರ ಆಧಾರಸ್ತಂಭವಾಗಿದ್ದರು. ಇಂದು ಆ ಉತ್ಸವ ಗುರು ಮತ್ತು ಶಿಷ್ಯ ಇಬ್ಬರ ಹೆಸರನ್ನೂ ಹೊತ್ತಿದೆ. ಕುಂದಗೋಳದ ನಾಡಗೀರ ವಾಡೆಯಲ್ಲೂ ಅಹೋರಾತ್ರಿ ಸ್ಮರಣೆ ನಡೆಯುತ್ತ ಬಂದಿದ್ದು, ಗಂಗೂಬಾಯಿ, ಭೀಮಸೇನರಂಥವರು ಅಲ್ಲಿ ಗುರುವಿಗೆ ಸ್ವರನಮನ ಸಲ್ಲಿಸಿದ್ದಾರೆ.

ಗಂಗೂಬಾಯಿಯವರಿಗೆ 2002ರಲ್ಲಿ ಪದ್ಮವಿಭೂಷಣ, ಭೀಮಸೇನರಿಗೆ 2008ರಲ್ಲಿ ಭಾರತರತ್ನ ಘೋಷಣೆಯಾಯಿತು. ದಸ್ತೂರ್ 2008ರಲ್ಲಿ, ಗಂಗೂಬಾಯಿ 2009ರಲ್ಲಿ, ಭೀಮಸೇನರು 2011ರಲ್ಲಿ ಅಗಲಿದರು. ಕಲಿಯಲು ಬಂದವರ ಶ್ರದ್ಧೆಯನ್ನಷ್ಟೇ ನೋಡಿ ಬಾಗಿಲು ತೆರೆದ ಗುರುವೊಬ್ಬರಿಂದಾಗಿ, ಹುಬ್ಬಳ್ಳಿ ಪಕ್ಕದ ಪುಟ್ಟ ಊರು ದೇಶದ ಸಂಗೀತದ ನಕ್ಷೆಯಲ್ಲಿ ಸ್ಥಾನ ಪಡೆಯಿತು.