ಧಾರವಾಡದಲ್ಲಿ ಹುಟ್ಟಿದ ಮೊದಲ ಸ್ಟಾರ್

ಐಪಿಎಲ್ ಟೈಮಲ್ಲಿ ನಮ್ಮ ಹಾಸ್ಟೆಲ್‌ನ ಟಿವಿ ರೂಮಿಗೆ ಬಂದು ನೋಡಿ. ಯಾರು ಎಷ್ಟು ಕೋಟಿಗೆ ಹರಾಜಾದ್ರು, ಯಾರ ಮದುವೆ ಎಲ್ಲಾಯ್ತು, ಕೊಹ್ಲಿ ಏನು ತಿಂತಾರೆ, ಏನು ತಿನ್ನಲ್ಲ, ಎಲ್ಲಾ ಬಾಯಿಪಾಠ. ಅದೇ ಹುಡುಗರಿಗೆ ಮಾರನೇ ದಿನ ಇಂಟರ್ನಲ್ಸ್‌ನಲ್ಲಿ ಲಾಪ್ಲಾಸ್ ನೆನಪಿಗೆ ಬರಲ್ಲ. ನಾನೂ ಆ ಗುಂಪಿನವನೇ, ಸುಳ್ಳು ಹೇಳಲ್ಲ. ಒಂದು ರಾತ್ರಿ ಕರೆಂಟ್ ಹೋದಾಗ ಮಾತು ಎಲ್ಲೆಲ್ಲೋ ಹೋಗಿ, ಭಾರತದ ಮೊದಲ ಕ್ರಿಕೆಟ್ ಸ್ಟಾರ್ ಯಾರು ಅನ್ನೋ ಜಗಳಕ್ಕೆ ಬಂದು ನಿಂತಿತು. ಒಬ್ಬ ಸಿ.ಕೆ. ನಾಯುಡು ಅಂದ. ಇನ್ನೊಬ್ಬ ರಣಜಿ ಅಂದ, ಆದರೆ ರಣಜಿ ಟೆಸ್ಟ್ ಆಡಿದ್ದು ಇಂಗ್ಲೆಂಡಿಗೆ. ನಾನು ಪಾಲ್ವಂಕರ್ ಬಾಲೂ ಅಂದೆ. ಯಾರದು ಅಂತ ಕೇಳಿದವನು ನನ್ನ ರೂಮ್‌ಮೇಟ್, ಧಾರವಾಡದ ಹುಡುಗ. ಬಾಲೂ ಹುಟ್ಟಿದ್ದು ಧಾರವಾಡದಲ್ಲೇ ಅಂದಾಗ ಅವನು ನಂಬಲೇ ಇಲ್ಲ.

1876ರಲ್ಲಿ ಹುಟ್ಟಿದ್ದು. ಮನೆತನದ ಮೂಲ ಕೊಂಕಣದ ಕಡೆ, ಮನೆಮಾತು ಮರಾಠಿ, ಬೆಳೆದಿದ್ದು ಪುಣೆಯಲ್ಲಿ. ಹಾಗಾಗಿ ಬಾಲೂ ನಮ್ಮವರು ಅಂತ ಎದೆ ತಟ್ಟಿಕೊಳ್ಳೋಕೆ ಹೋಗಲ್ಲ, ಹುಟ್ಟಿದ ಊರು ನಮ್ಮದು, ಅಷ್ಟೇ. ಚರ್ಮದ ಕೆಲಸ ಮಾಡೋ ಸಮುದಾಯ, ಆ ಕಾಲದ ಲೆಕ್ಕದಲ್ಲಿ ಅಸ್ಪೃಶ್ಯರು. ಅಪ್ಪ ಸೈನ್ಯದಲ್ಲಿ ಕೆಲಸಕ್ಕಿದ್ದರು. ಬ್ರಿಟಿಷ್ ಅಧಿಕಾರಿಗಳು ಆಡಿ ಬಿಸಾಕಿದ ಬ್ಯಾಟು, ಚೆಂಡು ಹಿಡಿದು ಬಾಲೂ ಮತ್ತು ತಮ್ಮ ಶಿವರಾಮ್ ಆಟ ಕಲಿತರು.

ಮೊದಲ ಕೆಲಸ ಪುಣೆಯ ಪಾರ್ಸಿಗಳ ಕ್ರಿಕೆಟ್ ಕ್ಲಬ್ಬಿನಲ್ಲಿ, ಪಿಚ್ ಗುಡಿಸೋದು, ರೋಲರ್ ಎಳೆಯೋದು. ತಿಂಗಳಿಗೆ 3 ರೂಪಾಯಿ. ಆಮೇಲೆ ಬಿಳಿಯರ ಪೂನಾ ಕ್ಲಬ್ಬಿಗೆ ಹೋದಾಗ 4 ರೂಪಾಯಿ. ಅಲ್ಲಿ ರೋಲರ್ ಎಳೆದು, ನೆಟ್ ಕಟ್ಟಿ, ಆಮೇಲೆ ಸಾಹೇಬರಿಗೆ ಬೌಲಿಂಗ್ ಮಾಡೋದೂ ಡ್ಯೂಟಿಯಾಯಿತು. ಎಡಗೈ ಸ್ಪಿನ್. ದಿನಾ ಗಂಟೆಗಟ್ಟಲೆ. ಪುಣೆಯ ದೊಡ್ಡ ಬ್ಯಾಟ್ಸ್‌ಮನ್ ಜೆ.ಜಿ. ಗ್ರೇಗ್ ಬೇರೆಯವರು ಬರೋಕೆ ಮುಂಚೆನೇ ಬಂದು ಈ ಹುಡುಗನ ಬೌಲಿಂಗ್ ಆಡ್ತಿದ್ದರಂತೆ, ಪ್ರತಿ ಸಲ ಔಟಾದಾಗ ಎಂಟಾಣೆ ಕೊಡ್ತಿದ್ದರಂತೆ. ಕಥೆ ಎಷ್ಟು ನಿಜವೋ, ಆದರೆ ಎಂಟು ಸಲ ಔಟ್ ಮಾಡಿದರೆ ಒಂದು ತಿಂಗಳ ಸಂಬಳ ಅನ್ನೋ ಲೆಕ್ಕ ನನಗೆ ಬಹಳ ಇಷ್ಟ. ಒಂದು ಮಾತು ಮಾತ್ರ ಗಮನಿಸಿ. ಇಷ್ಟೆಲ್ಲಾ ಬೌಲಿಂಗ್ ಮಾಡಿಸಿಕೊಂಡವರು ಆ ಹುಡುಗನಿಗೆ ನೆಟ್ಸ್‌ನಲ್ಲಿ ಬ್ಯಾಟ್ ಮಾಡೋಕೆ ಬಿಡಲಿಲ್ಲ. ಬ್ಯಾಟಿಂಗ್ ಸಾಹೇಬರದ್ದು, ಬೆವರು ಸುರಿಸೋ ಬೌಲಿಂಗ್ ಕೂಲಿಯವನದ್ದು. ಇವತ್ತಿಗೂ ಪೋಸ್ಟರ್‌ನಲ್ಲಿ ದೊಡ್ಡದಾಗಿ ಯಾರಿರ್ತಾರೆ ನೋಡಿ, ಬೌಲರ್‌ಗಳನ್ನ ಹುಡುಕಬೇಕು.

ಪುಣೆಯ ಹಿಂದೂಗಳಿಗೆ ಬಿಳಿಯರ ಕ್ಲಬ್ಬನ್ನ ಸೋಲಿಸೋ ಆಸೆ. ಅದಕ್ಕೆ ಬೇಕಾದ ಬೌಲರ್ ಕಣ್ಣೆದುರೇ ರೋಲರ್ ಎಳೀತಿದ್ದಾನೆ. ಆದರೆ ಜಾತಿ? ಚರ್ಚೆ ನಡೆಯಿತು, ಜಗಳ ಆಯಿತು, ಕೊನೆಗೆ ಗೆಲ್ಲೋ ಆಸೆ ಗೆದ್ದಿತು. ಬಾಲೂ ತಂಡಕ್ಕೆ ಬಂದರು. (ಹುಡುಗ ಅಂತ ಇಷ್ಟು ಹೊತ್ತು ಏಕವಚನ ನಡೀತು, ಇನ್ನು ನನ್ನ ಕೈಲಾಗಲ್ಲ.) ಮೈದಾನದಲ್ಲಿ ಎಲ್ಲರೂ ಅದೇ ಚೆಂಡು ಮುಟ್ಟುತ್ತಿದ್ದರು, ಅದೂ ಚರ್ಮದ ಚೆಂಡು. ಅದನ್ನ ಹೊಲಿದವರ ಜಾತಿ ಯಾರೂ ಕೇಳಲಿಲ್ಲ. ಟೀ ಬ್ರೇಕ್ ಆದ ತಕ್ಷಣ ಮಾತ್ರ ಬಾಲೂಗೆ ಚಹಾ ಪೆವಿಲಿಯನ್ ಹೊರಗೆ, ಮಣ್ಣಿನ ಕುಡಿಕೆಯಲ್ಲಿ. ಊಟ ಬೇರೆ ತಟ್ಟೆ, ಬೇರೆ ಜಾಗ. ನ್ಯಾಯಮೂರ್ತಿ ರಾನಡೆಯಂಥವರು ಬಹಿರಂಗವಾಗಿ ಬಾಲೂ ಪರ ಮಾತಾಡಿದ ಮೇಲೆ ಸ್ವಲ್ಪ ಸ್ವಲ್ಪವಾಗಿ ಬದಲಾಯಿತು. ವಿಕೆಟ್‌ಗಳೂ ಸಹಾಯ ಮಾಡಿದವು ಅನ್ನಿ. ವಿಕೆಟ್ ಬೀಳದೇ ಇದ್ದಿದ್ದರೆ ಏನಾಗ್ತಿತ್ತು ಅಂತ ಯೋಚನೆ ಮಾಡಿದರೆ ಹೊಟ್ಟೆ ತೊಳಸುತ್ತೆ.

ಪುಣೆಗೆ ಪ್ಲೇಗ್ ಬಂದ ಮೇಲೆ ಬಾಂಬೆಗೆ ಹೋದರು. ರೈಲ್ವೆಯಲ್ಲಿ ಕೆಲಸ, ಹಿಂದೂ ಜಿಮಖಾನಾಗೆ ಆಟ. ಆಗಿನ ಕ್ರಿಕೆಟ್ ಹೇಗಿತ್ತು ಅಂದರೆ, ರಾಜ್ಯಗಳಿಲ್ಲ, ಫ್ರಾಂಚೈಸಿ ಇಲ್ಲ, ಧರ್ಮಕ್ಕೊಂದು ಟೀಮ್. ಯುರೋಪಿಯನ್ನರು, ಪಾರ್ಸಿಗಳು, ಹಿಂದೂಗಳು, ಆಮೇಲೆ ಮುಸ್ಲಿಮರು. 1906ರ ಫೆಬ್ರವರಿಯಲ್ಲಿ ಹಿಂದೂಗಳು ಯುರೋಪಿಯನ್ನರನ್ನ 109 ರನ್‌ಗಳಿಂದ ಸೋಲಿಸಿದರು. ಬಾಲೂಗೆ ಪಂದ್ಯದಲ್ಲಿ 8 ವಿಕೆಟ್. ಆಳುವವರನ್ನ ಅವರದ್ದೇ ಆಟದಲ್ಲಿ ಹೊಡೆದಿದ್ದು, ಊರೆಲ್ಲಾ ಹಬ್ಬ. ಜನ ಅವರನ್ನ ಭಾರತದ ರೋಡ್ಸ್ ಅಂತ ಕರೆಯೋಕೆ ಶುರು ಮಾಡಿದರು. ವಿಲ್ಫ್ರೆಡ್ ರೋಡ್ಸ್ ಅಂದರೆ ಯಾರ್ಕ್‌ಶೈರ್‌ನ ಎಡಗೈ ಸ್ಪಿನ್ನರ್. ಹೊಗಳೋಕೂ ಅವರ ಹೆಸರೇ ಬೇಕಾಯ್ತಲ್ಲ ಅನ್ನಿಸುತ್ತೆ.

1911ರಲ್ಲಿ ಮೊದಲ ಆಲ್ ಇಂಡಿಯಾ ತಂಡ ಇಂಗ್ಲೆಂಡಿಗೆ ಹೋಯಿತು. 6 ಪಾರ್ಸಿಗಳು, 5 ಹಿಂದೂಗಳು, 3 ಮುಸ್ಲಿಮರು, ಕ್ಯಾಪ್ಟನ್ ಪಟಿಯಾಲದ ಯುವ ಮಹಾರಾಜ ಭೂಪಿಂದರ್ ಸಿಂಗ್. ಆ ವರ್ಷವೇ ಲಂಡನ್ನಿನಲ್ಲಿ ಐದನೇ ಜಾರ್ಜ್ ಪಟ್ಟಾಭಿಷೇಕ. ಮಹಾರಾಜರಿಗೆ ಪಾರ್ಟಿ, ಔತಣ, ದರ್ಬಾರು ಅಂತ ಪುರುಸೊತ್ತಿಲ್ಲ, ಹೆಚ್ಚಿನ ಪಂದ್ಯಗಳಿಗೆ ಅವರು ಇರಲೇ ಇಲ್ಲ. ಸೆಲೆಬ್ರಿಟಿ ಅಂತ ಆ ಟೂರಿನಲ್ಲಿ ಯಾರಾದರೂ ಇದ್ದರೆ ಅದು ಅವರೇ, ಪೇಟ ನೋಡೋಕೇ ಜನ ಸೇರ್ತಿದ್ದರು. ತಂಡ ಬಹುಪಾಲು ಪಂದ್ಯ ಸೋತಿತು. ಸೋಲೋ ತಂಡದಲ್ಲಿ ಮೂವತ್ತೈದರ ಬಾಲೂ, ಭುಜದ ನೋವು ಇಟ್ಟುಕೊಂಡೇ, ಒಟ್ಟು 114 ವಿಕೆಟ್ ತೆಗೆದರು, ಸರಾಸರಿ 18.84. ಕೇಂಬ್ರಿಡ್ಜ್ ವಿಶ್ವವಿದ್ಯಾಲಯದ ಮೇಲೆ ಒಂದೇ ಇನಿಂಗ್ಸ್‌ನಲ್ಲಿ 103 ರನ್ನಿಗೆ 8. ಟೀಮ್ ಸೋತಾಗ ಒಬ್ಬನೇ ನಿಂತು ಆಡೋದು ನಮಗೆ, ಆರ್‌ಸಿಬಿ ಫ್ಯಾನ್‌ಗಳಿಗೆ, ಗೊತ್ತಿಲ್ಲದ ನೋವೇನಲ್ಲ. ವಾಪಸ್ ಬಂದಾಗ ಬಾಂಬೆಯಲ್ಲಿ ದಲಿತರು ಸನ್ಮಾನ ಮಾಡಿದರು. ಯುವಕ ಅಂಬೇಡ್ಕರ್ ಅವರಿಗೂ ಬಾಲೂ ಹೀರೋ.

ಇಷ್ಟಾದ ಮೇಲೆ ಕ್ಯಾಪ್ಟನ್ ಮಾಡಬೇಕಲ್ವಾ? ಮಾಡಲಿಲ್ಲ. ತಂಡದಲ್ಲಿ ಅವರಿಗಿಂತ ಸೀನಿಯರ್ ಇರಲಿಲ್ಲ, ಅವರಷ್ಟು ಪಂದ್ಯ ಗೆಲ್ಲಿಸಿದವರೂ ಇರಲಿಲ್ಲ. ಆದರೂ ಪ್ರತಿ ಸಲ ಮೇಲ್ಜಾತಿಯ ಯಾರೋ ಒಬ್ಬರು. 1913ರಲ್ಲಿ ಕ್ಯಾಪ್ಟನ್ ಆದ ಎಂ.ಡಿ. ಪೈ ಅವರೇ ಈ ಗೌರವ ಬಾಲೂಗೆ ಸಲ್ಲಬೇಕಿತ್ತು ಅಂತ ಬಹಿರಂಗವಾಗಿ ಒಪ್ಪಿಕೊಂಡರು. ಒಪ್ಪಿಕೊಂಡರು, ಸರಿ, ಕ್ಯಾಪ್ಟನ್ ಮಾತ್ರ ಬದಲಾಗಲಿಲ್ಲ.

ನನ್ನ ಪ್ರಕಾರ ಈ ಕಥೆಯ ದೊಡ್ಡ ಇನಿಂಗ್ಸ್ ಮೈದಾನದ ಹೊರಗೆ ನಡೆದಿದ್ದು, 1920ರಲ್ಲಿ. ಪೈಗೆ ಹುಷಾರಿರಲಿಲ್ಲ. ಆಯ್ಕೆದಾರರು ಬಾಲೂರನ್ನ ತಂಡದಿಂದಲೇ ಕೈಬಿಟ್ಟರು. ಕ್ಯಾಪ್ಟನ್ ಸ್ಥಾನ ಅವರ ತಮ್ಮ ವಿಠ್ಠಲ್‌ಗೂ ಇಲ್ಲ, ಡಿ.ಬಿ. ದೇವಧರ್ ಅವರಿಗೆ. (ಹೌದು, ದೇವಧರ್ ಟ್ರೋಫಿ ಅವರ ಹೆಸರಿನದ್ದೇ. ಒಳ್ಳೇ ಆಟಗಾರರು, ಅದರಲ್ಲಿ ಎರಡು ಮಾತಿಲ್ಲ.) ವಿಠ್ಠಲ್ ಮತ್ತು ಶಿವರಾಮ್ ಆಡಲ್ಲ ಅಂತ ಹೇಳಿಬಿಟ್ಟರು, ಕಾರಣ ಜಾತಿ ಅಂತ ಪತ್ರಿಕೆಗಳಲ್ಲಿ ಬರೆದೇ ತಿಳಿಸಿದರು. ಇವತ್ತಿನ ಸ್ಟಾರ್‌ಗಳಲ್ಲಿ ಆಯ್ಕೆದಾರರ ಮುಖಕ್ಕೆ ಹೊಡೆದಂಗೆ ಹೀಗೆ ಬರೆಯೋರು ಯಾರಿದ್ದಾರೆ? ಬ್ರ್ಯಾಂಡ್ ಹಾಳಾಗುತ್ತೆ ಅಂತ ಮ್ಯಾನೇಜರ್ ಫೋನ್ ಕಿತ್ಕೊಳ್ತಾರೆ. ಗಲಾಟೆ ದೊಡ್ಡದಾಯಿತು, ಜನ ಅಣ್ಣತಮ್ಮಂದಿರ ಪರ ನಿಂತರು. ಪಾರ್ಸಿಗಳ ಮೇಲಿನ ಫೈನಲ್‌ಗೆ ಪೈ ಕ್ಯಾಪ್ಟನ್ ಆಗಿ ವಾಪಸ್ ಬಂದರು, ಬಾಲೂ ವೈಸ್ ಕ್ಯಾಪ್ಟನ್. ಪಂದ್ಯದ ನಡುವೆ ಪೈ ಮೈದಾನ ಬಿಟ್ಟು ಹೋಗಿ ತಂಡವನ್ನ ಬಾಲೂ ಕೈಗೆ ಕೊಟ್ಟರು. ಬಾಲೂಗೆ ಸಿಕ್ಕಿದ್ದು ಅಷ್ಟೇ, ಕೆಲವು ಹೊತ್ತಿನ ನಾಯಕತ್ವ. ಅವರ ಕೊನೆಯ ವರ್ಷಗಳು ಅವು. ಮೂರು ವರ್ಷದ ನಂತರ, 1923ರಲ್ಲಿ, ವಿಠ್ಠಲ್ ಪೂರ್ತಿ ಕ್ಯಾಪ್ಟನ್ ಆದರು, ಯುರೋಪಿಯನ್ನರನ್ನ ಸೋಲಿಸಿದರು, ಜನ ಅವರನ್ನ ಹೆಗಲ ಮೇಲೆ ಹೊತ್ತು ಕುಣಿದರು.

ಇಲ್ಲಿಂದ ಮುಂದಿನದ್ದು ಬರೆಯೋಕೆ ಕಷ್ಟ, ಫ್ಯಾನ್ ಆಗಿ ಬಿಟ್ಟುಬಿಡೋಣ ಅನ್ನಿಸಿತ್ತು. ಬಾಲೂ ರಾಜಕೀಯಕ್ಕೆ ಬಂದರು. ಗಾಂಧಿ ಕಡೆ ಒಲವು, 1932ರ ಪುಣೆ ಒಪ್ಪಂದಕ್ಕೆ ಸಹಿ ಹಾಕಿದವರಲ್ಲಿ ಅವರೂ ಒಬ್ಬರು. 1937ರ ಬಾಂಬೆ ಶಾಸನಸಭೆ ಚುನಾವಣೆಯಲ್ಲಿ ಅಂಬೇಡ್ಕರ್ ಎದುರು ಕಾಂಗ್ರೆಸ್ ನಿಲ್ಲಿಸಿದ್ದು ಬಾಲೂರನ್ನ. ಸ್ಟಾರ್‌ಗಳಿಗೆ ಟಿಕೆಟ್ ಕೊಡೋದು ಇವತ್ತಿನ ಐಡಿಯಾ ಅಲ್ಲ ನೋಡಿ. ಹುಡುಗನಾಗಿದ್ದಾಗ ತನ್ನನ್ನ ಮೆಚ್ಚಿಕೊಂಡವನ ಎದುರು ಅರವತ್ತು ದಾಟಿದ ಬೌಲರ್. ಅಂಬೇಡ್ಕರ್ 13,245 ಮತ, ಬಾಲೂ 11,225. ಅಂಬೇಡ್ಕರ್ ಗೆದ್ದಿದ್ದು ಒಳ್ಳೇದೇ ಆಯಿತು. ಆದರೂ ಆ 11,225 ಜನರಲ್ಲಿ ಎಷ್ಟು ಮಂದಿ ಹಳೇ ವಿಕೆಟ್‌ಗಳನ್ನ ನೆನೆಸಿಕೊಂಡು ಮತ ಹಾಕಿರಬಹುದು ಅನ್ನೋ ಯೋಚನೆ ನನ್ನ ತಲೆಯಿಂದ ಹೋಗಲ್ಲ.

ಭಾರತ ಮೊದಲ ಟೆಸ್ಟ್ ಆಡಿದಾಗ ಅವರಿಗೆ 56 ವಯಸ್ಸು. ಹಾಗಾಗಿ ಟೆಸ್ಟ್ ಪಟ್ಟಿಯಲ್ಲಿ ಹೆಸರಿಲ್ಲ. 1955ರ ಜುಲೈನಲ್ಲಿ ಬಾಂಬೆಯಲ್ಲಿ ತೀರಿಕೊಂಡರು. ಫಸ್ಟ್ ಕ್ಲಾಸ್ ಲೆಕ್ಕ 33 ಪಂದ್ಯ, 179 ವಿಕೆಟ್, ಸರಾಸರಿ 15.21.

ಈ ನಂಬರ್‌ಗಳನ್ನ ರೂಮ್‌ಮೇಟ್‌ಗೆ ತೋರಿಸಿದೆ. ಸ್ವಲ್ಪ ಹೊತ್ತು ಫೋನ್ ನೋಡಿ, ನಮ್ಮೂರಾಗ ಇವರ ಹೆಸರಿಂದು ಒಂದು ಟೂರ್ನಮೆಂಟಾದರೂ ಐತೇನೋ ನಮ್ಮಪ್ಪಗ ಕೇಳ್ತೀನಿ ತಡಿ ಅಂದ. ಅಪ್ಪ ಇನ್ನೂ ವಾಪಸ್ ಫೋನ್ ಮಾಡಿಲ್ಲ.